ಅಕ್ಕನ ಚಪ್ಪಾಳೆ

ಅವಳು ಬರೆದ ಸಂಗೀತದಲ್ಲಿ ಸದ್ದಿಗಿಂತ ಮೌನವೇ ಜಾಸ್ತಿ ಎಂದು ವಾದ್ಯವೃಂದದವರು ಆಡಿಕೊಳ್ಳುತ್ತಿದ್ದರು. ಹೆಸರೂ ಇಟ್ಟಿದ್ದರು, ನಿಧಾನಮ್ಮ. ಸುಳ್ಳೇನಲ್ಲ ಬಿಡಿ. ಪಿಟೀಲುಗಳೆಲ್ಲ ಒಂದೇ ಸ್ವರ ಹಿಡಿದು ಎಳೆಯುತ್ತವೆ, ಪಿಯಾನೊ ಯಾವಾಗಲೋ ಒಮ್ಮೆ ಹೂಂಗುಟ್ಟುತ್ತದೆ, ಆಮೇಲೆ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಅರ್ಧ ಆಯುಷ್ಯ ನೃತ್ಯಶಾಲೆಯ ಹಳೇ ಪಿಯಾನೊ ಮುಂದೆ ಕೂತು, ಮಕ್ಕಳ ಕುಣಿತಕ್ಕೆ ಧಡಬಡ ಬಾರಿಸಿ ತಲೆ ಚಿಟ್ಟುಹಿಡಿದವಳು ತನಗಾಗಿ ಇನ್ನೇನು ಬರೆದಾಳು?

ಅವಳ ದೊಡ್ಡ ಕೃತಿ ವೇದಿಕೆ ಏರಿ ಎಷ್ಟೋ ವರ್ಷವಾಯಿತು. ಅದರ ಜೀವವೆಲ್ಲ ಕೊನೆಯಲ್ಲಿತ್ತು. ವಾದ್ಯಗಳೆಲ್ಲ ನಿಂತು, ಮುಗಿದೇ ಹೋಯಿತು ಅನ್ನುವಷ್ಟು ದೀರ್ಘ ಮೌನ. ಆಮೇಲೆ ಒಂಟಿ ಕೊಳಲಿನ ಸಣ್ಣದೊಂದು ಪಲುಕು. ಅಂದು ಆ ಮೌನದಲ್ಲಿ ಯಾರೋ ಪಟಪಟ ಚಪ್ಪಾಳೆ ತಟ್ಟಿದರು. ಒಬ್ಬರು ಶುರುಮಾಡಿದರೆ ಸಾಕಲ್ಲ, ಸಭೆಯೇ ಎದ್ದು ತಟ್ಟಿತು. ಕೊಳಲಿನವರು ಊದಿದ್ದು ಅವರ ಕಿವಿಗೇ ಬೀಳಲಿಲ್ಲ. 'ಅಂತ್ಯವೇ ಇಲ್ಲದ ಕೃತಿ' ಎಂದು ಪತ್ರಿಕೆಯವರು ಬರೆದರು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ.

ಮೊದಲು ತಟ್ಟಿದ್ದು ಯಾರು ಗೊತ್ತೇ? ಸಾಕ್ಷಾತ್ ಅವಳ ಅಕ್ಕ! ತಂಗಿ ಪಿಯಾನೊ ಕಲಿಯಲೆಂದು ಹೊಲಿಗೆ ಮಷಿನ್ ತುಳಿದು ಕಾಲು ಸವೆಸಿದವಳು. ಮೊದಲ ಚಪ್ಪಾಳೆ ತನ್ನದೇ ಆಗಬೇಕೆಂಬ ಹಟ ಅವಳಿಗೆ. ನೀನೇ ಕೆಡಿಸಿದೆ ಎಂದು ಅಂಥವಳಿಗೆ ಯಾವ ಬಾಯಲ್ಲಿ ಹೇಳುವುದು? ನುಂಗುವಂತಿಲ್ಲ, ಉಗುಳುವಂತಿಲ್ಲ. ತಂಗಿ ಸುಮ್ಮನಿದ್ದುಬಿಟ್ಟಳು.

ಈಗ ವಾದ್ಯವೃಂದಕ್ಕೆ ಬಂದ ಹೊಸ ನಿರ್ದೇಶಕನೊಬ್ಬ ಅದೇ ಕೃತಿಯನ್ನು ಕೈಗೆತ್ತಿಕೊಂಡ. ತಂಗಿಗೆ ಅರವತ್ತು ಸಮೀಪಿಸಿತ್ತು. ಈ ಸಲವೂ ಕೊಳಲು ಕೇಳದಿದ್ದರೆ ಮತ್ತೆ ಯಾರು ನುಡಿಸುತ್ತಾರೆ?

"ಅಕ್ಕಾ, ಕಾಲುನೋವು ಅಂತಿದ್ದೆಯಲ್ಲ, ಮನೇಲೇ ಇರ್ತೀಯಾ?"

"ಚೆನ್ನಾಗಿದೆ! ಕುಂಟ್ಕೊಂಡಾದ್ರೂ ಬರ್ತೀನಿ ಕಣೇ. ಮುಂದಿನ ಸಾಲಲ್ಲೇ ಕೂರೋದು."

ಮುಗೀತು ಕಥೆ, ಅಂದುಕೊಂಡಳು ತಂಗಿ.

ಸಭೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಪಿಟೀಲುಗಳು ನಿಂತವು. ನಿರ್ದೇಶಕನ ಕೈ ಎತ್ತಿದಲ್ಲೇ ಉಳಿಯಿತು. ಪಕ್ಕಕ್ಕೆ ನೋಡಲು ಧೈರ್ಯವಾಗದೆ ತಂಗಿ ಕಣ್ಣು ಮುಚ್ಚಿದಳು. ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರುಗುಟ್ಟಿತು. ಚಪ್ಪಾಳೆ ಬರಲಿಲ್ಲ, ಬಂದದ್ದು ಕೊಳಲು. ಇಷ್ಟು ವರ್ಷ ಅವಳ ತಲೆಯೊಳಗೇ ಉಳಿದಿದ್ದ ಪಲುಕು ಕೊನೆಯ ಸಾಲಿನವರೆಗೂ ತಲುಪಿತು. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಯಿತು!

ಕಣ್ಣು ತೆರೆದರೆ, ಅಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ತುಟಿ ಕಚ್ಚಿಕೊಂಡು ಕೂತಿದ್ದಳು. ಪಾಪ, ಅವಳಿಗೆ ಎಲ್ಲವೂ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

ನಿರ್ದೇಶಕ ಕೈ ಇಳಿಸಿದರೂ ಯಾರೂ ಅಲುಗಲಿಲ್ಲ. ಅಕ್ಕ ಬಗ್ಗಿ ಪಿಸುಗುಟ್ಟಿದಳು. ಅವಳ ಪಿಸುಮಾತು ಅರ್ಧ ಸಭೆಗೆ ಕೇಳಿಸಿತು.

"ಈಗಲಾದ್ರೂ ಮುಗೀತೇನೇ? ತಟ್ಲಾ?"

"ತಟ್ಟಕ್ಕಾ," ಎಂದಳು ತಂಗಿ, ನಗುತ್ತಾ, ಅಳುತ್ತಾ. "ನೀನೇ ಮೊದ್ಲು ತಟ್ಟು."