ಚಟ್ನಿ ಜಾಡಿಯ ಬಟ್ಟೆ

ಯಲ್ದೂರಿನಲ್ಲಿ ನಮ್ಮಮ್ಮ ಅಂಜಮ್ಮ ಮಾಡಿದ ಮಾವಿನ ಸಿಹಿ ಚಟ್ನಿಯನ್ನು ತಿನ್ನದವರಿರಲಿಲ್ಲ. ತಿಂದವರೆಲ್ಲ ಹೊಗಳುತ್ತಿದ್ದುದು ಮಾತ್ರ ನಮ್ಮ ದೊಡ್ಡಮ್ಮ ವೆಂಕಟರತ್ನಮ್ಮನನ್ನು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಮೂವತ್ತನೇ ಇಸವಿಯಲ್ಲಿ ಅಪ್ಪ ತೀರಿಕೊಂಡಾಗ ಅಮ್ಮನಿಗೆ ಇಪ್ಪತ್ತಾರು, ನನಗೆ ಐದು. ಅಂದಿನಿಂದ ದೊಡ್ಡಪ್ಪನ ಮನೆಯ ಅಡುಗೆಯೊಲೆ ಅಮ್ಮನದಾಯಿತು, ಅಡುಗೆಯ ಹೆಸರು ದೊಡ್ಡಮ್ಮನದಾಯಿತು. ವೈಶಾಖದಲ್ಲಿ ತೋಪಿನಿಂದ ದೋರೆಗಾಯಿ ಬರುತ್ತಿತ್ತು, ಪೂರ್ತಿ ಹಣ್ಣೂ ಅಲ್ಲ, ಕಾಯೂ ಅಲ್ಲ. ಅಮ್ಮ ಸಿಪ್ಪೆ ಹೆರೆದು, ಹೋಳು ಮಾಡಿ, ಉಪ್ಪು ಬೆರೆಸಿ ಒಂದು ದಿನ ಬಿಸಿಲಿಗಿಡುತ್ತಿದ್ದಳು. ಮಾರನೆಯ ದಿನ ಬೆಲ್ಲದ ಪಾಕಕ್ಕೆ ಹೋಳು ಸುರಿದು ತಿರುವುತ್ತ ಕೂತರೆ ಮಧ್ಯಾಹ್ನದವರೆಗೂ ಏಳುವಂತಿರಲಿಲ್ಲ. ಪಾಕ ಎಳೆಯದಾದರೆ ಬೂಷ್ಟು ಹಿಡಿಯುತ್ತದೆ, ಮಿಂಚಿದರೆ ಕಲ್ಲಾಗುತ್ತದೆ. ಸೌಟಿನಿಂದ ಬೀಳುವ ಹನಿಯನ್ನು ನೋಡಿಯೇ ಅವಳು ಕೊಳ್ಳಿ ಹಿಂದಕ್ಕೆಳೆಯುತ್ತಿದ್ದಳು.

ದೊಡ್ಡಮ್ಮ ಬರುತ್ತಿದ್ದುದು ಎಲ್ಲ ಮುಗಿದ ಮೇಲೆ. ಜಾಡಿಯ ಬಾಯಿಗೆ ಅರಿಶಿನದ ಬಟ್ಟೆಯನ್ನು ಮುತ್ತೈದೆಯೇ ಕಟ್ಟಬೇಕು, ಗಂಡ ಸತ್ತವಳು ಕಟ್ಟಿದರೆ ತಿಂದ ಮನೆಗೆ ಕೇಡು ಎಂಬುದು ನಮ್ಮವರ ಪದ್ಧತಿ. ದೊಡ್ಡಮ್ಮ ಎರಡು ಸುತ್ತು ದಾರ ಬಿಗಿದು ಎದ್ದು ಹೋಗುತ್ತಿದ್ದಳು. ಅಷ್ಟಕ್ಕೇ ಅದು ರತ್ನಮ್ಮನ ಚಟ್ನಿ!

ನನ್ನ ಮದುವೆ ಕುದುರಿದ್ದೂ ಅದರಿಂದಲೇ. ಗೌನಿಪಲ್ಲಿಯಿಂದ ಹೆಣ್ಣು ನೋಡಲು ಬಂದ ಹುಡುಗನ ತಾಯಿ ದೊಡ್ಡಗಂಗಮ್ಮ ಮೂರು ಸಲ ಚಟ್ನಿ ಹಾಕಿಸಿಕೊಂಡು, "ಇಂಥಾ ಕೈ ಇರೋ ಮನೆ ಹುಡುಗೀನೇ ನಮ್ಗೆ ಬೇಕು" ಎಂದು ದೊಡ್ಡಮ್ಮನ ಕೈ ಹಿಡಿದುಕೊಂಡರು. ದೊಡ್ಡಮ್ಮ ಬಿಡಿಸಿಕೊಳ್ಳಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಎಲ್ಲಿ ಸಂಬಂಧ ತಪ್ಪಿಹೋಗುತ್ತದೋ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆ ಹೇಡಿತನಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಮದುವೆಯಾದ ಎರಡನೇ ವರ್ಷ, ಯುದ್ಧದ ಕಾಲ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮನೆಯಲ್ಲಿ ಬೆಲ್ಲವಿತ್ತು, ಮರದ ತುಂಬ ಕಾಯಿತ್ತು. ಚಟ್ನಿ ಕಲಿಯಬೇಕೆಂದು ನಮ್ಮತ್ತೆ ದೊಡ್ಡಗಂಗಮ್ಮ ದೊಡ್ಡಮ್ಮನಿಗೆ ಹೇಳಿಕಳುಹಿಸಿದರು. ದೊಡ್ಡಮ್ಮ ಬಂದಳು, ಕೈಗೊಂದು ಆಳಿರಲಿ ಎನ್ನುವ ಹಾಗೆ ಅಮ್ಮನನ್ನೂ ಜೊತೆಗೆ ಕರೆತಂದಳು. ಒಲೆಯ ಮುಂದೆ ಅಮ್ಮ ಬೆವರುತ್ತಿದ್ದಳು, ಮಣೆಯ ಮೇಲೆ ದೊಡ್ಡಮ್ಮ ಎಲೆಯಡಿಕೆ ಹಾಕುತ್ತಿದ್ದಳು.

"ಪಾಕ ಸರಿಹೋಯ್ತೂಂತ ಹೆಂಗೆ ಗೊತ್ತಾಗುತ್ತೆ, ರತ್ನಮ್ಮನವರೇ?" ಅತ್ತೆ ಕೇಳಿದರು.

ದೊಡ್ಡಮ್ಮ ಅಮ್ಮನ ಮುಖ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಅವ್ರಿಗೇನ್ ಗೊತ್ತು ಅತ್ತೆ? ಒಂದಿನ ಸೌಟು ಹಿಡಿದೋರಲ್ಲ! ನೀವು ಅವತ್ತು ತಿಂದಿದ್ದು, ಆಮೇಲೆ ತಿಂದಿದ್ದು, ಎಲ್ಲಾ ನಮ್ಮಮ್ಮ ಮಾಡಿದ್ದು."

ಅತ್ತೆ ಬೆರಳಲ್ಲಿ ಚೂರು ತೆಗೆದು ರುಚಿ ನೋಡಿದರು.

"ಪೋನೀಲೇ, ಹೋಗ್ಲಿ ಬಿಡು, ಯಾರ್ ಮಾಡಿದ್ರೇನು, ಚೆನ್ನಾಗೈತೆ. ಬಟ್ಟೆ ಮಾತ್ರ ರತ್ನಮ್ಮನವರೇ ಕಟ್ಲಿ."

ಬೇಯಿಸಲು ಬೇಕಾದ ಕೈ ಕಟ್ಟಲು ಬೇಡವೇ? ನಾನು ಬಟ್ಟೆ, ದಾರ ಎರಡನ್ನೂ ಕಿತ್ತುಕೊಂಡು ಅಮ್ಮನ ಮಡಿಲಿಗೆ ಹಾಕಿದೆ. "ಕಟ್ಟಮ್ಮ. ಇವತ್ತು ನೀನೇ ಕಟ್ಟಬೇಕು. ಯಾರೇನಂತಾರೋ ನಾನ್ ನೋಡ್ಕೊಂತೀನಿ."

ಅಮ್ಮ ಕೆಂಡ ಬಿದ್ದಂತೆ ಮಡಿಲು ಕೊಡವಿ ಎದ್ದಳು.

"ಬೇಡ ಕಣೇ. ಇದನ್ನ ನಿನ್ ಗಂಡ ತಿಂತಾನೆ."

"ನೀನೂ ಅದನ್ನ ನಂಬ್ತೀಯಾ?"

"ನಿಮ್ಮಪ್ಪ ತೀರ್ಕೊಂಡ ವರ್ಷ ಜಾಡಿ ಕಟ್ಟಿದ್ದು ನಾನೇ. ಆಗ ನಾನೂ ಮುತ್ತೈದೇನೇ. ಆದ್ರೂ ಹೋದ್ರಲ್ಲ. ನನ್ ಕೈನೇ ಸರಿಯಿಲ್ಲ ಕಣೇ."

ದೊಡ್ಡಮ್ಮನ ಮೇಲೆ ಕೂಗಾಡಿದ್ದೆ, ಅತ್ತೆಯ ಮೇಲೂ ಕೂಗಾಡಲು ಸಿದ್ಧಳಿದ್ದೆ. ಈ ಮಾತಿಗೆ ಯಾರ ಮೇಲೆ ಕೂಗಾಡಲಿ? ನಾನು ನೋಡುತ್ತಿದ್ದಂತೆಯೇ ಅಮ್ಮ ನೆಲದ ಮೇಲೆ ಬಿದ್ದಿದ್ದ ದಾರವನ್ನು ಎತ್ತಿ, ಸಿಕ್ಕು ಬಿಡಿಸಿ, ತಾನೇ ದೊಡ್ಡಮ್ಮನ ಕೈಗೆ ಕೊಟ್ಟಳು.