ಮೊದಲ ಪುಟದ ವಿನುತಾ

ವಿನುತಾಳ ಮನೆಯಲ್ಲಿ ಒಂದು ಮೇಜಿತ್ತು. ಅದರ ಮೇಲೆ ಟೊಮೆಟೊ ಇಡಬಾರದು, ಬೀಗದ ಕೈ ಇಡಬಾರದು, ಮಗಳ ಊಟದ ಡಬ್ಬಿಯನ್ನೂ ಇಡಬಾರದು. ಅದು ಅವಳು ನೆಲದಲ್ಲಿ ಕೂತು ಚಿತ್ರ ಬರೆಯುವ ಗಿಡ್ಡ ಮೇಜು. ಐದು ವರ್ಷ ನಾನು ಆ ಮೇಜನ್ನು ನೋಡಿದ್ದೇನೆ. ಧೂಳು ಒರೆಸಿದ್ದನ್ನು ನೋಡಿದ್ದೇನೆ, ಪೆನ್ಸಿಲ್ ಕೆತ್ತಿ ಉದ್ದ ಗಿಡ್ಡ ಪ್ರಕಾರ ಜೋಡಿಸಿದ್ದನ್ನು ನೋಡಿದ್ದೇನೆ. ಚಿತ್ರ ಬರೆದದ್ದನ್ನು ನೋಡಿಲ್ಲ.

ಗಲ್ಫಿನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನನ್ನ ಮಗಳ ಫ್ಲ್ಯಾಟಿನ ಎದುರು ಬಾಗಿಲೇ ಅವಳದು. ಒಂದು ಬೆಡ್‌ರೂಮು, ಗಂಡ, ಹೆಂಡತಿ, ಮಗಳು ಇಶಾನಿ. ಕಾಲು ಚಾಚಲು ಜಾಗವಿಲ್ಲದ ಮನೆಯಲ್ಲಿ ಕಿಟಕಿಯ ಬೆಳಕೆಲ್ಲ ಮೇಜಿಗೆ. ಮಗು ನೆಲದ ಮೇಲೆ ಹೊಟ್ಟೆ ಊರಿಕೊಂಡು ಹೋಮ್‌ವರ್ಕ್ ಬರೆಯುತ್ತಿತ್ತು. ಒಂದು ದಿನ ನಾನು ಗೊತ್ತಿಲ್ಲದೆ ತರಕಾರಿಯ ಚೀಲವನ್ನು ಆ ಮೇಜಿನ ಮೇಲಿಟ್ಟೆ. ಅವಳು ಹಾವು ಕಂಡವಳ ಹಾಗೆ ಎದ್ದಳು.

"ಅಮ್ಮಾ, ಅಲ್ಲಿ ಬೇಡ. ಅದು ನನ್ನ ಒಳಗಿನ ಜಾಗ."

"ಒಳಗಿನ ಜಾಗವಾದರೆ ಹೊರಗೆ ಯಾಕೆ ಇಟ್ಟಿದ್ದೀ ಮಾರಾಯ್ತಿ?" ಅಂದೆ. ಅವಳು ನಕ್ಕಳು. ಬೈದರೆ ನಗುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವಳು ಬರೆಯಬೇಕಾದದ್ದು ಒಂದು ಮಕ್ಕಳ ಪುಸ್ತಕ. ಅವಳ ಅಜ್ಜಿ ಹೇಳುತ್ತಿದ್ದ ಕತೆಯಂತೆ: ಒಂದು ಕುಂಟ ಕೋಳಿ ಬಸ್ಸು ಹತ್ತಿ ಮಂಗಳೂರು ನೋಡಲು ಹೋಗುವುದು. ಇಶಾನಿ ಕೆಜಿಯಲ್ಲಿದ್ದಾಗ ಆ ಕತೆ ಕೇಳಿ, ಕೋಳಿಗೆ ಸೀಟು ಸಿಕ್ಕಿತಾ, ಚಿತ್ರ ತೋರಿಸು ಎಂದು ಹಟ ಹಿಡಿದಳು. ಬರೆದು ಕೊಡುತ್ತೇನೆ ಎಂದು ಇವಳು ಮಾತು ಕೊಟ್ಟಳು. ಒಂದು ಕೋಳಿ, ಒಂದು ಬಸ್ಸು. ಒಂದು ಮಧ್ಯಾಹ್ನದ ಕೆಲಸ.

ಇವಳು ಮೊದಲು ಒಂದು ದಪ್ಪ ಪುಸ್ತಕ ತಂದಳು. ಮೊದಲ ಪುಟದಲ್ಲಿ ಚಂದದ ಅಕ್ಷರದಲ್ಲಿ ಆ ವರ್ಷದ ಸಂಕಲ್ಪ ಬರೆದಳು: ದಿನಕ್ಕೆ ಒಂದು ಚಿತ್ರ. ಎರಡನೆಯ ಪುಟ ಖಾಲಿ. ಮರುವರ್ಷ ಜನವರಿಗೆ ಇನ್ನೊಂದು ಪುಸ್ತಕ, ಇನ್ನೊಂದು ಮೊದಲ ಪುಟ. ಗೋಡೆಗೆ ಒಂದು ಚಾರ್ಟು ಹಾಕಿದಳು. ಅದರಲ್ಲಿ ಸಮುದ್ರ, ಬೆಟ್ಟ, ಯಾರೋ ಬಿಳಿ ಹೆಂಗಸು ಕಾಫಿ ಕುಡಿಯುತ್ತಿರುವ ಪಟ. ಕೋಳಿ ಮಾತ್ರ ಇಲ್ಲ. ಕೂತು ಬರೆಯಲು ನೆಲ ಗಟ್ಟಿಯಾಯಿತೆಂದು ಗಂಡನನ್ನು ಹೊರಡಿಸಿಕೊಂಡು ಅಬುಧಾಬಿಯ ಅಲ್ ಮೀನಾದ ಕಾರ್ಪೆಟ್ ಸಂತೆಯವರೆಗೆ ಹೋಗಿ ಒಂದು ಸಣ್ಣ ಕಾರ್ಪೆಟ್ ತಂದಳು. ಕುಂಡೆಗೆ ಮೆತ್ತಗಾದರೆ ಕೈಗೆ ಚಿತ್ರ ಬರುತ್ತದೆ ಎಂದು ಅವಳಿಗೆ ಯಾರು ಹೇಳಿದರೋ.

ಸೋಮಾರಿ ಎನ್ನಲೂ ಆಗುವುದಿಲ್ಲ. ಸೋಮಾರಿಗಳು ಮಲಗುತ್ತಾರೆ. ಇವಳು ದಿನವಿಡೀ ಓಡಾಡಿ, ಬೆವರಿಳಿಸಿ ಏನೂ ಮಾಡುತ್ತಿರಲಿಲ್ಲ.

ಒಮ್ಮೆ ಬಾಗಿಲಲ್ಲಿ ನಿಂತು ಇಶಾನಿಯನ್ನು ಕೇಳಿದೆ, "ನಿನ್ನಮ್ಮ ಎಂತ ಮಾಡ್ತಿದ್ದಾಳೆ?"

"ಮಮ್ಮಾ ಈಸ್ ಪ್ಲಾನಿಂಗ್," ಎಂದಿತು ಮಗು. ಆಗ ಅದು ಮೂರನೇ ಕ್ಲಾಸು.

ಶನಿವಾರ ಬೆಳಿಗ್ಗೆ ಅವಳ ಮನೆಯಲ್ಲಿ ಏಳೆಂಟು ಹೆಂಗಸರು ಸೇರುತ್ತಿದ್ದರು. ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ, ಒಬ್ಬೊಬ್ಬರೂ ತಮ್ಮ ಸಂಕಲ್ಪ ಹೇಳಬೇಕು. ಒಬ್ಬಳು ಹಾಡಬೇಕಂತೆ, ಒಬ್ಬಳು ಮಡಕೆ ಮಾಡಬೇಕಂತೆ. ನನ್ನ ಮಗಳು ನನ್ನನ್ನೂ ಎಳೆದುಕೊಂಡು ಹೋದಳು. ನನ್ನ ಸರದಿ ಬಂತು.

"ಅಮ್ಮಾ, ನಿಮ್ಮ ಸಂಕಲ್ಪ ಹೇಳಿ. ಮನಸ್ಸಲ್ಲಿ ಬಂದದ್ದು ಹೇಳಿ," ಅಂದಳು ವಿನುತಾ.

"ಮೊಣಗಂಟು ಹಿಡಿದಿದೆ. ಏಳಬೇಕು ಅಂತ ಉಂಟು."

ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಮತ್ತೆ ಕೇಳಿದೆ, "ಊರಲ್ಲಿ ಭಟ್ಟರು ಕೈಗೆ ನೀರು ಬಿಟ್ಟು ಸಂಕಲ್ಪ ಮಾಡಿಸ್ತಾರಲ್ಲ, ಅದಾದ ಮೇಲೆ ಪೂಜೆ ಶುರುವಾಗ್ತದೆ. ನಿಮ್ಮದರಲ್ಲಿ ಭಟ್ಟರು ನೀರು ಬಿಟ್ಟು ಎದ್ದು ಹೋಗ್ತಾರಲ್ಲ, ಪೂಜೆ ಯಾರು ಮಾಡುವುದು?"

ವಿನುತಾ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಅದೇ ಮೊದಲ ಪುಟದಲ್ಲಿ, ಮೂಲೆಯಲ್ಲಿ. ಅವಳಿಗೆ ಬೈದರೂ ಉಪಯೋಗವಿಲ್ಲ ಎಂದು ನನಗೆ ಅವತ್ತೇ ತಿಳಿಯಿತು.

ನಾನು ನಲವತ್ತು ವರ್ಷ ಬೀಡಿ ಕಟ್ಟಿದವಳು. ಮಡಿಲಲ್ಲಿ ಹೊಗೆಸೊಪ್ಪು ತುಂಬಿದ ಸೂಪಿನ ಮೊರ, ಪಕ್ಕದಲ್ಲಿ ಅಳುವ ಮಗು, ಎದುರಿಗೆ ಜಗಳಕ್ಕೆ ನಿಂತ ನಾದಿನಿ, ಕೈ ನಿಲ್ಲುತ್ತಿರಲಿಲ್ಲ. ಕೈಗೆ ಊದುಬತ್ತಿ ಬೇಕಾಗುವುದಿಲ್ಲ. ಇದನ್ನು ವಿನುತಾಳ ಕೈಯೇ ನನಗೆ ತೋರಿಸಿಕೊಟ್ಟದ್ದು, ಅವಳಿಗೆ ಗೊತ್ತಿಲ್ಲದೆ.

ಅವಳು ಚಾ ಕುಡಿಯಲು ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಬಂದ ಕೂಡಲೇ ಊರಿನಿಂದ ಅವಳ ಅಮ್ಮನ ಫೋನು. ಅರ್ಧ ಗಂಟೆ ತುಳುವಿನಲ್ಲಿ ಅವರಿವರ ಸುದ್ದಿ. ಮಾತಾಡುತ್ತಾ ಮೇಜಿನ ಮೇಲೆ ಬಿದ್ದಿದ್ದ ಅಂಗಡಿಯ ಬಿಲ್ಲನ್ನು ಮಗುಚಿ, ಸಿಕ್ಕಿದ ಪೆನ್ನಿನಲ್ಲಿ ಗೀಚುತ್ತಿದ್ದಳು. ಮೊದಲ ಸಲ ನಾನು ಚಾ ಸೋಸುವುದನ್ನು ಬಿಟ್ಟು ನೋಡಿದೆ. ಕೋಳಿ. ಒಂದು ಕಾಲು ಎತ್ತಿಕೊಂಡು, ಕುತ್ತಿಗೆ ಉದ್ದ ಮಾಡಿ, ಬಸ್ಸು ಬಂತಾ ಎಂದು ನೋಡುತ್ತಿದೆ. ಜೀವ ಇರುವ ಕೋಳಿ. ನಾನು ಕೋಳಿ ಸಾಕಿದವಳು, ನನಗೆ ಗೊತ್ತಾಗುತ್ತದೆ.

"ವಿನುತಾ, ಇದೇ ಅಲ್ವಾ ನಿನ್ನ ಪುಸ್ತಕ?" ಅಂದೆ ಫೋನು ಇಟ್ಟ ಮೇಲೆ.

"ಅಯ್ಯೋ ಅಮ್ಮಾ, ಅದು ಸುಮ್ಮನೆ ಗೀಚಿದ್ದು. ಬಿಸಾಡಿ," ಎಂದು ಎದ್ದು ಮನೆಗೆ ಹೋದಳು, ಪೆನ್ಸಿಲ್ ಜೋಡಿಸಲು.

ನಾನು ಬಿಸಾಡಲಿಲ್ಲ. ಖರ್ಜೂರದ ಡಬ್ಬಿಗೆ ಹಾಕಿದೆ. ಆಮೇಲೆ ಅವಳು ಬರುವ ಹೊತ್ತಿಗೆ ಒಂದು ಬಿಲ್ಲನ್ನೂ ಒಂದು ಪೆನ್ನನ್ನೂ ಅವಳ ಕೈಗೆ ಎಟಕುವಲ್ಲಿ ಇಡುವುದು ನನ್ನ ಅಭ್ಯಾಸವಾಯಿತು. ಕೋಳಿ ಟಿಕೆಟ್ ಕೇಳಿತು, ಕೋಳಿ ಕಂಡಕ್ಟರನನ್ನು ಕುಕ್ಕಿತು, ಕೋಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವಳು ತಿರುಗಿಯೂ ನೋಡಲಿಲ್ಲ.

ಇಶಾನಿ ಐದನೇ ಕ್ಲಾಸಿಗೆ ಬರುವಾಗ ವಿನುತಾಳ ಗಂಡನ ಕಂಪನಿ ಮುಚ್ಚಿತು. ವೀಸಾ ಕ್ಯಾನ್ಸಲ್, ಊರಿಗೆ ಹೊರಡಬೇಕು. ಕಾರ್ಗೋದವರು ಬರುವ ದಿನ ಹೋಗಿ ನೋಡಿದರೆ ಮನೆ ತುಂಬ ರಟ್ಟಿನ ಪೆಟ್ಟಿಗೆ. ಪಾತ್ರೆಗಳು ಇನ್ನೂ ಹೊರಗಿದ್ದವು. ಐದು ಖಾಲಿ ಪುಸ್ತಕಗಳು ಮೊದಲೇ ಪೆಟ್ಟಿಗೆಯೊಳಗೆ, ಬಟ್ಟೆ ಸುತ್ತಿ ಭದ್ರವಾಗಿ. ಇಶಾನಿ ಗೋಡೆಗೊರಗಿ ಕೂತಿತ್ತು.

ನಾನು ಡಬ್ಬಿ ಕೊಟ್ಟೆ. ವಿನುತಾ ಮುಚ್ಚಳ ತೆಗೆದು ಒಂದೊಂದೇ ಬಿಲ್ಲು ನೋಡಿದಳು. ಇಲ್ಲಿನ ಸೆಕೆಗೆ ಹಳೆಯ ಬಿಲ್ಲುಗಳಲ್ಲಿ ಅಂಗಡಿಯವರು ಒತ್ತಿದ ಅಕ್ಷರವೆಲ್ಲ ಅಳಿಸಿ ಕಾಗದ ಬೆಳ್ಳಗಾಗಿತ್ತು. ಕೋಳಿ ಮಾತ್ರ ಹಾಗೇ ಇತ್ತು. ಅವಳ ಕಣ್ಣಲ್ಲಿ ನೀರು ಬಂತು. ಈಗಲಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ.

"ಅಮ್ಮಾ, ಇದಕ್ಕೆ ಒಂದು ಒಳ್ಳೆ ಆಲ್ಬಮ್ ಬೇಕು. ಕೈಯಲ್ಲಿ ಮಾಡಿದ ಕಾಗದದ್ದು. ಊರಿಗೆ ಹೋಗಿ ಹುಡುಕ್ತೇನೆ. ಜನವರಿಯಿಂದ ಕೂತು ಸರಿಯಾಗಿ…"

"ಕೊಡಿಲ್ಲಿ," ಎಂದು ಡಬ್ಬಿ ಕಿತ್ತುಕೊಂಡೆ. ಅದನ್ನು ಇಶಾನಿಯ ಸ್ಕೂಲ್ ಬ್ಯಾಗಿಗೆ ತುರುಕಿ ಜಿಪ್ ಎಳೆದೆ. "ಇದು ನಿನ್ನ ಕೋಳಿ. ಅಮ್ಮನ ಕೈಗೆ ಕೊಡಬೇಡ," ಅಂದೆ.

"ಡಿಡ್ ಇಟ್ ಗೆಟ್ ಎ ಸೀಟ್?" ಎಂದು ಕೇಳಿತು ಮಗು. ಐದು ವರ್ಷ ಆ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು.

"ನೋಡು," ಅಂದೆ.

ಅದೇ ಕೊನೆಯ ಭೇಟಿ. ಜನವರಿಯಲ್ಲಿ ಅವಳ ಫೋನು ಬಂತು. ಹೊಸ ಪುಸ್ತಕ ತಂದಾಯಿತಂತೆ. ಮೇಜನ್ನೂ ಕಿಟಕಿಯ ಬಳಿ ಹಾಕಿಯಾಯಿತಂತೆ.

"ಆದರೆ ಅಮ್ಮಾ, ಚಾರ್ಟ್ ಹಾಕ್ಲಿಕ್ಕೆ ಇಟ್ಟ ಗೋಡೆಯನ್ನು ಇಶಾನಿ ಹಾಳು ಮಾಡಿದ್ದಾಳೆ. ನಿಮ್ಮ ಬಿಲ್ಲುಗಳನ್ನೆಲ್ಲ ಅನ್ನ ಹಚ್ಚಿ ಸಾಲಾಗಿ ಅಂಟಿಸಿದ್ದಾಳೆ. ಪಕ್ಕದ ಮನೆ ಮಕ್ಕಳನ್ನು ಕರೆದು ಕತೆ ಹೇಳುವುದು ಬೇರೆ. ಕಿತ್ತರೆ ಬಣ್ಣವೂ ಬರ್ತದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇರಲಿ. ಈ ವರ್ಷ ನಿಮ್ಮ ಸಂಕಲ್ಪ ಎಂತ ಅಮ್ಮಾ?"

"ಆ ಗೋಡೆ ಮುಟ್ಟಬೇಡ," ಎಂದು ಫೋನಿಟ್ಟೆ.