ಮಾರುವ ಕಾರಿಗೆ ಹೊಸ ಬ್ಯಾಟರಿ

ಕಾರು ಮಾರುವುದೆಂದು ನಾನೊಬ್ಬಳೇ ತೀರ್ಮಾನ ಮಾಡಿದ್ದೆ. ಯಜಮಾನರಿಗೆ ಹೇಳಿರಲಿಲ್ಲ. ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು, ಮಾತು ಮೂರೂ ಹೋಗಿ ಎಂಟು ತಿಂಗಳಾಗಿತ್ತು. ನನ್ನ ಹೆಗಲು ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ನನಗೋ ಡ್ರೈವಿಂಗ್ ಬಾರದು. ಕುಪ್ಪಗಡ್ಡೆಯ ನಮ್ಮ ಅಂಗಳದಲ್ಲಿ ಕಾರು ನಿಂತಲ್ಲೇ ನಿಂತು, ಬ್ಯಾಟರಿ ಸತ್ತು, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿತ್ತು. ಇವರು ಮಲಗಿದ್ದ ಒಂದು ಮಧ್ಯಾಹ್ನ ಶಿಕಾರಿಪುರದ ಬಟ್ಟೆ ವ್ಯಾಪಾರಿಯೊಬ್ಬರು ಬಂದು ನೋಡಿದರು. “ಒಂದ್ ಸಲ ಸ್ಟಾರ್ಟ್ ಮಾಡಿ ತೋರ್ಸ್ರೀ ಅಮ್ಮಾ, ಸೋಮವಾರ ಬಂದು ತಗೊಂಡ್ ಹೋಗ್ತೀನಿ” ಎಂದರು.

ಇವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಯಿಲೆ ಬಿದ್ದ ಕುರಿಮರಿಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. “ಇದೇನ್ರೀ, ಕಾರೋ ಕೊಟ್ಟಿಗೆಯೋ?” ಎಂದು ನಾನು ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಊರಲ್ಲಿ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ, ಅದು ನಿಜವೇ. ಆದರೂ ಮಾರುತ್ತೇನೆ ಅನ್ನುವ ಒಂದು ಮಾತು ಗಂಟಲು ದಾಟಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲವಾದ್ದರಿಂದ ಬ್ಯಾಟರಿ ತರಲು ಆಟೋದಲ್ಲಿ ಅವರನ್ನೂ ಸೊರಬಕ್ಕೆ ಕರೆದುಕೊಂಡು ಹೋದೆ. ಅದೇ ನಾನು ಮಾಡಿದ ತಪ್ಪು.

“ಪ್ಲಸ್ಸು ಎಡಕ್ಕೈತಾ ಬಲಕ್ಕೈತಾ ಅಮ್ಮಾ? ತಪ್ಪಿದ್ರೆ ವಾಯರ್ ಮುಟ್ಟಲ್ಲ ಮತ್ತೆ” ಎಂದು ಅಂಗಡಿಯವನು ಕೇಳಿದ. ನನಗೇನು ಗೊತ್ತು? ಬೆಂಚಿನ ಮೇಲೆ ಕೂತಿದ್ದ ಇವರು ಎಡಗೈಯೆತ್ತಿ, ಸತ್ತಂತಿದ್ದ ತಮ್ಮ ಬಲಗೈಯನ್ನು ತಟ್ಟಿ ತೋರಿಸಿದರು. ಆ ಎಂಟು ತಿಂಗಳಲ್ಲಿ ಯಾವ ಪ್ರಶ್ನೆಗೂ ಇಷ್ಟು ಚುರುಕಾಗಿ ಉತ್ತರ ಕೊಟ್ಟಿರಲಿಲ್ಲ. ನಾನು ಒಂದೇ ವರ್ಷ ವಾರಂಟಿಯದ್ದನ್ನು ಆರಿಸಿಟ್ಟಿದ್ದೆ. ಇವರು ಬೇಡವೆಂದು ತಲೆಯಾಡಿಸಿ, ಐದು ವರ್ಷದ್ದನ್ನು ಬೆರಳು ಮಾಡಿ ತೋರಿಸಿದರು.

“ಯಜಮಾನ್ರಿಗೆ ಗೊತ್ತೈತೆ ಬಿಡ್ರೀ” ಎಂದ ಅಂಗಡಿಯವನು.

ಬೇಡ ಅನ್ನಬೇಕಾದರೆ ಯಾಕೆ ಬೇಡ ಅಂತಲೂ ಹೇಳಬೇಕಿತ್ತಲ್ಲ! ಐದು ವರ್ಷದ್ದನ್ನೇ ತಂದೆ.

ಅಂಗಡಿಯವನು ಮನೆಗೆ ಬಂದು ಕೂರಿಸಿಕೊಡುತ್ತೇನೆಂದರೂ ಇವರು ಒಪ್ಪಲಿಲ್ಲ. ಕಾರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಸ್ಪ್ಯಾನರ್ ಹಿಡಿದೆ. ಕೆಂಪು ವಾಯರಿಗೆ ಕೈ ಹಾಕುತ್ತಿದ್ದಂತೆ ತಮ್ಮ ಊರುಗೋಲಿನಿಂದ ನೆಲ ಕುಟ್ಟಿದರು. “ಸುಮ್ನಿರ್ರೀ, ನಂಗೂ ಎರಡು ಕಣ್ಣೈತೆ” ಎಂದು ರೇಗಿದೆ. ಸ್ಪ್ಯಾನರ್ ಕಾರಿನ ಮೈಗೆ ತಗುಲಿ ಚಟ್ಟೆಂದು ಕಿಡಿ ಹಾರಿತು. ಸತ್ತ ಬ್ಯಾಟರಿಯಲ್ಲೂ ಅಷ್ಟು ಜೀವ ಉಳಿದಿತ್ತು. ಅಯ್ಯಪ್ಪಾ ಎಂದು ಸ್ಪ್ಯಾನರ್ ಬಿಟ್ಟು ಹಿಂದಕ್ಕೆ ಹಾರಿದೆ. ಇವರು ಮಾತ್ರ ಬಾಯಿ ಸೊಟ್ಟ ಮಾಡಿಕೊಂಡೇ ನಕ್ಕರು. ಬಿಚ್ಚುವಾಗ ಕಪ್ಪು ವಾಯರು ಮೊದಲು, ಹಾಕುವಾಗ ಕೆಂಪು ಮೊದಲು ಎಂದು ಕೋಲಿನಿಂದಲೇ ಕಲಿಸಿದರು. ಕೊನೆಯ ನಟ್ಟನ್ನು ಎಡಗೈಯಲ್ಲಿ ತಾವೇ ಬಿಗಿ ಮಾಡಿದರು.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಇವರು ಹಿತ್ತಿಲ ನಿಂಬೆಗಿಡದ ಕಡೆ ಕೈ ತೋರಿಸಿ ನಾಲ್ಕು ಬೆರಳೆತ್ತಿದರು. ಹೊಸ ಬ್ಯಾಟರಿಗೆ ಕುಂಕುಮವಿಟ್ಟು ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟೆ. ಮಾರುವ ಗಾಡಿಗೆ ಪೂಜೆ! ನನಗೆ ಅವರ ಮುಖ ನೋಡಲಾಗಲಿಲ್ಲ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹಾಲು ಕಾಯಿಸಿ ಕೋಣೆಗೆ ಬಂದರೆ ಮಂಚ ಖಾಲಿ. ಕೋಲು ಗೋಡೆಗೆ ಒರಗಿಸಿದಂತೆಯೇ ಇತ್ತು. ಬಿದ್ದುಬಿಟ್ಟರೇನೋ ಎಂದು ಬಚ್ಚಲಿಗೆ, ಹಿತ್ತಿಲಿಗೆ ಓಡಿದೆ. ಕೊನೆಗೆ ಅಂಗಳಕ್ಕೆ ಬಂದರೆ, ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ.

ಇಸ್ತ್ರಿ ಮಾಡಿದ ಅಂಗಿ ತಾವೇ ಹಾಕಿಕೊಂಡಿದ್ದರು. ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. ಎರಡು ಮೆಟ್ಟಿಲು, ಹದಿನೈದು ಹೆಜ್ಜೆ. ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಒದ್ದಾಡಿದರೂ ನಡೆಸಲಾಗದಿದ್ದ ದೂರವನ್ನು ಯಾರ ಹೆಗಲೂ ಹಿಡಿಯದೆ ನಡೆದುಬಂದಿದ್ದರು. ನನ್ನನ್ನು ನೋಡಿ ಎಡಕ್ಕೆ ಬಾಗಿ, ಆ ಕಡೆಯ ಬಾಗಿಲನ್ನು ಒಳಗಿನಿಂದ ನನಗಾಗಿ ತೆರೆದರು.

ಅಷ್ಟರಲ್ಲಿ ವ್ಯಾಪಾರಿಯ ಬೈಕು ಗೇಟಿನಲ್ಲಿ ನಿಂತಿತು. “ಸ್ಟಾರ್ಟ್ ಆತಾ ಅಮ್ಮಾ?” ಎಂದು ಅಲ್ಲಿಂದಲೇ ಕೂಗಿದರು. ಇವರು ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇಳೀರಿ” ಎಂದೆ.

ಇಳಿದರು, ನನ್ನ ಹೆಗಲು ಹಿಡಿದುಕೊಂಡು. ಕಾರು ಹೋದ ಮೇಲೆ ಅವರು ಒಬ್ಬರೇ ಒಂದು ಹೆಜ್ಜೆಯನ್ನೂ ಇಡಲಿಲ್ಲ.